ಹನ್ನೊಂದು ನಿಮಿಷ

ರಾತ್ರಿ ಪಾಳಿ ಮುಗಿಸಿ ಸೀದಾ ಬಂದವಳು ನಾನು,
ಕೈಯಲ್ಲಿನ್ನೂ ಸ್ಪಿರಿಟ್ಟಿನ ವಾಸನೆ.
ರೂವಿಯಲ್ಲಿ ಶುಕ್ರವಾರ; ಅಂಗಡಿಗಳ ಷಟರು ಅರ್ಧಕ್ಕೆ ಇಳಿದಿತ್ತು,
ಬೋಳುಗುಡ್ಡಗಳು ಆಗಲೇ ಕಾದು ಕೂತಿದ್ದವು.
ಕನ್ನಡದ್ದು, ಒಂದೇ ಆಟ, ಹತ್ತೂವರೆಗೆ,
ಬಿಟ್ಟರೆ ಮತ್ತೆ ಬರುವುದಿಲ್ಲವೆಂದು
ಭಟ್ಕಳದ ರೈಹಾನಾ ಟಿಕೇಟು ತೆಗೆದಿಟ್ಟಿದ್ದಳು.
ಮುನ್ನೂರು ಕುರ್ಚಿ. ನಾವು ಒಂಬತ್ತು ಜನ,
ಅದರಲ್ಲೊಬ್ಬ ಏಸಿಯ ತಂಪಿಗೆಂದೇ ಬಂದವನು.

ಕಥೆ ಇಷ್ಟೆ:
ಸಣ್ಣ ಊರು, ನೀರಿನ ಮೀಟರು ಓದುವ ಹೆಂಗಸು.
ಮನೆಯಿಂದ ಮನೆಗೆ ಹೋಗುತ್ತಾಳೆ, ಅಂಕಿ ಬರೆಯುತ್ತಾಳೆ.
ಬೀಗ ಹಾಕಿದ ಒಂದು ಮನೆಯಲ್ಲಿ
ಮೀಟರು ಮಾತ್ರ ತಿಂಗಳು ತಿಂಗಳು ಏರುತ್ತದೆ.
ಏನೂ ಆಗುವುದಿಲ್ಲ ಎಂದರೆ ತಪ್ಪು.
ಆಗುತ್ತದೆ, ನಾವು ಬೇರೆಲ್ಲೋ ನೋಡುತ್ತಿರುವಾಗ.

ಗಾಜಿನ ಮೇಲಿನ ಧೂಳನ್ನು ಸೆರಗಿನ ತುದಿಯಿಂದ ಒರೆಸಿ
ಆಮೇಲೆ ಬಗ್ಗಿ ಓದುತ್ತಾಳೆ, ಪ್ರತಿ ಮನೆಯಲ್ಲೂ.
ಕ್ಯಾಮೆರಾ ಅದನ್ನೇನು ಎತ್ತಿ ತೋರಿಸುವುದಿಲ್ಲ.
ಏಳೆಂಟು ಮನೆ ದಾಟಿದ ಮೇಲೆ ನನಗೇ ಹೊಳೆಯಿತು:
ತನ್ನ ಮನೆಯದನ್ನು ಮಾತ್ರ ಒರೆಸುವುದಿಲ್ಲ.
ಬೆನ್ನಿಗೆ ಯಾರೋ ಹೇಳದೆ ಕೇಳದೆ
ತಣ್ಣಗಿನ ಸ್ಟೆತಾಸ್ಕೋಪು ಒತ್ತಿದ ಹಾಗಾಯಿತು.

ನಿಜ ಹೇಳಿಬಿಡುತ್ತೇನೆ, ನಡುವೆ ನಿದ್ದೆ ಹತ್ತಿತು.
ಕಣ್ಣು ಮುಚ್ಚುವಾಗ ಅವಳು ಬೀನ್ಸಿನ ನಾರು ತೆಗೆಯುತ್ತಿದ್ದಳು,
ಬಿಟ್ಟಾಗಲೂ ತೆಗೆಯುತ್ತಲೇ ಇದ್ದಳು.
ಹನ್ನೊಂದು ನಿಮಿಷ, ಎಂದಳು ರೈಹಾನಾ.
ಏನಾಯ್ತೇ?
ಏನಿಲ್ಲ, ಮಲಗು.
ಅರ್ಧ ಕೆಜಿ ಬೀನ್ಸಿಗೆ ಅಷ್ಟು ಹೊತ್ತು ಬೇಡ,
ಪಾಳಿಗೆ ಓಡುವ ಮೊದಲು ಅಡುಗೆ ಮಾಡಿಟ್ಟವರಿಗೆ ಗೊತ್ತು.
ನಿಧಾನವೂ ಒಂದು ಜಂಬವಾಗಬಹುದು,
ನೋಡಿ ನಾನೆಷ್ಟು ಸುಮ್ಮನಿದ್ದೇನೆ ಎಂದು
ಪಕ್ಕದವರನ್ನು ಮೊಣಕೈಯಿಂದ ತಿವಿಯುವ ಜಂಬ.

ಮತ್ತೆ, ಇಡೀ ಸಿನಿಮಾದಲ್ಲಿ ಸಂಬಳದ ದಿನ ಬರುವುದಿಲ್ಲ.
ಒಂಟಿ ಹೆಂಗಸು, ಹಂಗಾಮಿ ನೌಕರಿ, ಆದರೂ
ಒಮ್ಮೆಯೂ ಬೆರಳು ಮಡಚಿ ಲೆಕ್ಕ ಹಾಕುವುದಿಲ್ಲ.
ನಮ್ಮ ರೂಮಿನಲ್ಲಿ ನಾಲ್ವರು; ಊರಿಂದ ಕೆಟ್ಟ ಸುದ್ದಿ ಬಂದರೂ
ರಿಯಾಲಿನ ರೇಟು ನೋಡಿಕೊಂಡೇ ಅಳುವವರು.

ಕೊನೆಗೆ ಆ ಪಿಟೀಲು!
ಅಷ್ಟು ಹೊತ್ತು ನಮ್ಮನ್ನು ನಂಬಿ ಕೂತಿದ್ದ ನಿರ್ದೇಶಕ
ಬೀಗದ ಮನೆಯ ಬಾಗಿಲು ಒಡೆಯುವ ಹೊತ್ತಿಗೆ ಹೆದರಿಬಿಟ್ಟ.
ಈಗ ನನ್ನದು ಕಣ್ಣಿನ ವಾರ್ಡು, ಅದಕ್ಕೆ ಮೊದಲು ಹದಿನಾಲ್ಕು ವರ್ಷ ಐಸಿಯು.
ಅಂಥ ಗಳಿಗೆಯಲ್ಲಿ ಪಿಟೀಲು ಕೇಳಿದ್ದಿಲ್ಲ.
ಯಾರದೋ ಫೋನು ಬಡಕೊಳ್ಳುತ್ತದೆ,
ಟ್ರಾಲಿಯ ಒಂದು ಗಾಲಿ ಕಿರ್ರೆನ್ನುತ್ತದೆ.

ಅದೇ ರಾತ್ರಿ, ಏಳನೇ ಮಂಚ.
ಕುರಿಯಾತಿನ ಮೀನುಗಾರ ಹಮೂದ್ ಅಜ್ಜ,
ದೋಣಿಯ ಬ್ಯಾಟರಿ ಸಿಡಿದು ಎರಡೂ ಕಣ್ಣಿಗೆ ಪಟ್ಟಿ.
ಇವತ್ತು ನೀನು ಏನೇನು ನೋಡಿದೆ, ಹೇಳು ಎಂದ.
ನನ್ನ ಹರಕು ಅರಬ್ಬಿಯಲ್ಲಿ ಮೀಟರಿಗೆ ಪದ ಸಿಗದೆ
ನೀರಿನ ಗಡಿಯಾರ ಎಂದೆ.
ಬಾದೈನ್? ಆಮೇಲೆ?
ಇನ್ನೊಂದು ಮನೆಗೆ ಹೋದಳು.
ಬಾದೈನ್?
ಗಾಜು ಒರೆಸಿದಳು.
ಬಲೆ ಬಿಟ್ಟು ಕೂತ ಹಾಗಾಯ್ತಲ್ಲ, ಮೀನು ಬಂತೋ?
ಬರಲಿಲ್ಲ ಅಜ್ಜ.
ಹೂಂ, ಅಂದ. ನಿದ್ದೆಹೋದನೆಂದುಕೊಂಡು
ಹನಿಮದ್ದಿನ ತಟ್ಟೆ ಎತ್ತುತ್ತಿದ್ದೆ,
ಆ ಬೀಗದ ಮನೆಯ ಗಾಜು? ಅದನ್ನೂ ಒರೆಸಿದಳೋ?

ಗೊತ್ತಿಲ್ಲ.
ಒರೆಸಿದ್ದರೆ ಆ ಹನ್ನೊಂದು ನಿಮಿಷದೊಳಗೇ ಒರೆಸಿರಬೇಕು.
ಎರಡೂ ಕಾಲಿಗೆ ರೈಹಾನಾಗೆ ಫೋನು ಮಾಡಿದೆ.
ಮೊದಲು ಚೆನ್ನಾಗಿ ಬೈದಳು,
ಆಮೇಲೆ ತುಂಬಾ ಹೊತ್ತು ಉಸಿರು ಮಾತ್ರ ಕೇಳಿಸಿತು.
ನೆನಪಿಲ್ಲ ಕಣೆ, ಎಂದಳು.
ನಾನು ಗಡಿಯಾರ ನೋಡ್ತಾ ಇದ್ದೆ.