ಉಗುರುಬೆಚ್ಚಗೆ

ಗ್ದಾನ್‌ಸ್ಕ್‌ನಲ್ಲಿ ಹಡಗುಕಟ್ಟೆಯ ಹಿಂದೆ
ಕೆಂಪಿಟ್ಟಿಗೆಯ ಇಗರ್ಜಿ, ಅದರ ನೆಲಮಾಳಿಗೆ.
ಗುರುವಾರ ಮೂರಕ್ಕೆ ಬಾಗಿಲು ತೆರೆಯುತ್ತದೆ.
ನಾನು ಬಿಸಿನೀರಿನವನು.
ಕುಡಿದು ಗಾಡಿ ಓಡಿಸಿದ್ದಕ್ಕೆ ನ್ಯಾಯಾಧೀಶೆ ಕೊಟ್ಟ ಶಿಕ್ಷೆ
ನಲವತ್ತು ತಾಸಿನ ಸೇವೆ.
ಗೋಡೆಗೆ ಸೀಸದಕಡ್ಡಿಯಿಂದ ಗೀಟು ಹಾಕುತ್ತ
ಒಲೆಯಿಂದ ಬೋಗುಣಿಗೆ, ಬೋಗುಣಿಯಿಂದ ಬಚ್ಚಲಿಗೆ
ನೀರು ಹೊರುತ್ತೇನೆ.

ಉಗುರು ಕತ್ತರಿಸುವವಳು ಯಾದ್ವಿಗಾ.
ಮೂವತ್ತೊಂದು ವರ್ಷ ಡಬ್ಬಿ ಮೀನಿನ ಕಾರ್ಖಾನೆಯಲ್ಲಿ
ಹೆರಿಂಗ್ ಮೀನುಗಳ ತಲೆ ತರಿದ ಕೈ.
ನಿಮಿಷಕ್ಕೆ ನಲವತ್ತು ಎನ್ನುತ್ತಾಳೆ,
ಹೆಮ್ಮೆಯಿಲ್ಲ ಆ ದನಿಯಲ್ಲಿ, ನಾಚಿಕೆಯೂ ಇಲ್ಲ.
ಈಗ ಅದೇ ಕೈಯಲ್ಲಿ ದಪ್ಪ ಇಕ್ಕಳ,
ತೊಡೆಯ ಮೇಲೆ ಸವೆದ ಟವೆಲು,
ಟವೆಲಿನ ಮೇಲೆ ಒಂದಾದಮೇಲೊಂದು ಪಾದ:
ರೈಲುನಿಲ್ದಾಣದ್ದು, ಸೇತುವೆಯಡಿಯದ್ದು,
ಬ್ಯಾಂಕಿನ ಮೆಟ್ಟಿಲಿಂದ ಬೆಳಗ್ಗೆ ಎಬ್ಬಿಸಿ ಓಡಿಸಿದ್ದು.
ಉಗುರಿನಲ್ಲಿ ಹೋಗುವುದಕ್ಕೆ
ಊರೆಲ್ಲ ಕೊಡಲಿ ಎತ್ತಿಕೊಂಡು ನಿಂತಿರುವಾಗ
ಇವಳೊಬ್ಬಳು ಉಗುರಿನಲ್ಲೇ ನಿಂತಿದ್ದಾಳೆ.

"ದೇವರಿಗಾಗಿಯಾ?" ಎಂದು ಕೇಳಿದ್ದೆ ಒಮ್ಮೆ.
"ಬೆಳೆದಿದೆಯಲ್ಲ, ಅದಕ್ಕೆ" ಎಂದಳು.
ಗಂಡನನ್ನು ಮಣ್ಣು ಮಾಡಿದ ವರ್ಷದಿಂದ
ಅವಳು ಮೇಲಿನ ಮೆಟ್ಟಿಲು ಹತ್ತಿಲ್ಲ.
ಮೇಲೆ ಪ್ರಾರ್ಥನೆಯ ಗಂಟೆ ಆಗುವಾಗ
ಕೆಳಗೆ ಇಕ್ಕಳದ ಟಕ್, ಟಕ್.
ನಡುವೆ ಇರುವುದು ಒಂದು ಮರದ ಹಲಗೆ.
ಅದೂ ಹಳತು, ಸಂದಿಯಲ್ಲಿ ಬೆಳಕು ಸೋರುತ್ತದೆ.

ಫೆಬ್ರವರಿಯಲ್ಲಿ ವಿಟೋಲ್ಡ್ ಬಂದ.
ಒಂದು ಕಾಲಕ್ಕೆ ಹಡಗಿನಲ್ಲಿ ಅಡುಗೆಯವನಂತೆ.
ಬೂಟು ಬಿಚ್ಚಿ ಎಷ್ಟು ದಿನವಾಯಿತು ಎಂದರೆ
ಚಾವಣಿ ನೋಡಿದ.
ಕಾಲುಚೀಲ ಮೈಗೆ ಹತ್ತಿಕೊಂಡು
ನೂಲು ಯಾವುದು, ತೊಗಲು ಯಾವುದು, ತಿಳಿಯದು.
ಆ ವಾಸನೆಗೆ ನಾನು ಹೊರಗೆ ಓಡಿದೆ
(ಆ ಹತ್ತು ನಿಮಿಷವನ್ನೂ ಸೇವೆಗೇ ಬರೆದುಕೊಂಡೆ).
ಮರಳಿದಾಗ ಅವಳು ತಲೆಯೆತ್ತದೆ ಅಂದಳು:
"ಇನ್ನೊಂದು ಬೋಗುಣಿ. ಸುಡಬಾರದು, ತಣ್ಣಗೂ ಬೇಡ."
ಉಗುರುಬೆಚ್ಚಗಿನ ನೀರು ಅಂಗೈಯಲ್ಲಿ ಮೊಗೆದು ಮೊಗೆದು
ಎಳೆ ಎಳೆಯಾಗಿ ಬಿಡಿಸಿದಳು,
ನೊಂದ ಮಗುವಿನ ಜಡೆಯ ಸಿಕ್ಕು ಬಿಡಿಸುವ ಹಾಗೆ.
ಎರಡು ತಾಸು. ಏಳು ಬೋಗುಣಿ.
ಸಾಲಿನಲ್ಲಿ ಕಾಯುತ್ತಿದ್ದವರು ಒಬ್ಬರೂ ಗೊಣಗಲಿಲ್ಲ.

ಆಮೇಲೆ ಅಂಗಾಲು ಒರೆಸುವಾಗ
ವಿಟೋಲ್ಡ್ ಕಿಸಕ್ಕನೆ ನಕ್ಕ.
ಕಚಗುಳಿ.
ಅರವತ್ತು ದಾಟಿದ, ಮೂಗು ಮುರಿದ ಗಂಡಸು
ಕಾಲೆಳೆದುಕೊಂಡು, ಬಾಯಿಗೆ ಕೈ ಅಡ್ಡವಿಟ್ಟು,
ನಗು ತಡೆಯಲಾಗದೆ ಕೆಮ್ಮಿ, ಮತ್ತೆ ನಕ್ಕು...
ಯಾದ್ವಿಗಾ ಇಕ್ಕಳ ಕೆಳಗಿಟ್ಟಳು.
ಅವಳ ಮುಖ ಆಗ ಹೇಗಿತ್ತೆಂದು
ಹೇಳಲು ನನಗೆ ಬರುವುದಿಲ್ಲ.
ಮೇಲೆ ಗಂಟೆ ಹೊಡೆಯುವ ಹೊತ್ತು ಅಂತೂ ಅಲ್ಲ.

ಏಪ್ರಿಲಿನ ಒಂದು ಗುರುವಾರ ಯಾರೂ ಇರಲಿಲ್ಲ.
ಅವಳು ಬೆಂಚಿನ ಮೇಲೆ ಕೂತು
ತನ್ನ ಕಾಲಿಗೆ ಬಗ್ಗಲು ನೋಡಿ, ಸೊಂಟ ಹಿಡಿದು, ಬಿಟ್ಟಳು.
ವಿಟೋಲ್ಡ್ ನೋಡಿದ. ನಾನೂ ನೋಡಿದೆ.
ನಾನು ನೋಡಿ ಸುಮ್ಮನಿದ್ದೆ;
ಅವನು ಮೊಣಕಾಲೂರಿದ.

ಬೇಡ, ಎಂದಳು. ಬೇಡ, ಹೊಲಸಾಗಿದೆ, ಎಂದಳು.
ಎಷ್ಟು ಪಾದ ತೊಳೆದವಳು
ತನ್ನೆರಡು ಪಾದ ಪಾವಡೆಯೊಳಗೆ ಮುಚ್ಚಿಟ್ಟಳು,
ಕೆನ್ನೆ ಕೆಂಪಾಗಿ, ಕದ್ದು ಸಿಕ್ಕಿಬಿದ್ದವಳಂತೆ.
ಕೊಡುವಾಗ ಒಮ್ಮೆಯೂ ನಡುಗದ ಕೈ
ಕೊಳ್ಳುವಾಗ ಬೆಂಚಿನ ಅಂಚನ್ನು ಗಟ್ಟಿಯಾಗಿ ಹಿಡಿಯಿತು.
ನನಗೆ ಯಾರೂ ಹೇಳಲಿಲ್ಲ. ನೀರು ಕಾಯಿಸಿದೆ.
ಮೊಣಕೈ ಅದ್ದಿ ನೋಡಿದೆ,
ಸುಡುವುದೋ, ಸುಡದೋ ಎಂದು.

ವಿಟೋಲ್ಡನ ಕೈ ಕುಡಿತ ಬಿಟ್ಟ ಕೈ, ಅದುರುತ್ತಿತ್ತು.
ಎಡಗಾಲ ಹೆಬ್ಬೆರಳನ್ನು ಸೊಟ್ಟಗೆ ಕತ್ತರಿಸಿದ.
ಒಂದು ಹನಿ ರಕ್ತವೂ ಬಂತು.
"ಮೀನಾಗಿದ್ದರೆ ತಲೆ ಹೋಗುತ್ತಿತ್ತು" ಎಂದು ಬೈದಳು.
ಬೈಯುತ್ತಲೇ ಕಾಲನ್ನು ಇನ್ನಷ್ಟು ಮುಂದೆ ಚಾಚಿದಳು.

ಗೋಡೆಯ ಗೀಟುಗಳು ನಲವತ್ತಾದದ್ದು ಯಾವಾಗಲೋ.
ಸುಣ್ಣ ಬಳಿದವರು ಅಳಿಸಿ ಹೋದರು.
ಆ ಸೊಟ್ಟ ಉಗುರಿನ ಮೂಲೆ
ಅವಳ ಉಣ್ಣೆಯ ಕಾಲುಚೀಲಕ್ಕೆ ಸಿಕ್ಕುತ್ತದಂತೆ ಈಗಲೂ,
ರಾತ್ರಿ ಹಾಸಿಗೆಯಲ್ಲಿ ಹೊರಳಿದಾಗ.
ಅರೆದು ಸರಿಮಾಡಿಕೊಳ್ಳಬಾರದೆ, ಎಂದೆ.
"ಇರಲಿ" ಎಂದು
ಮುಂದಿನ ಪಾದವನ್ನು ಎತ್ತಿಕೊಂಡಳು.