ಕೈ ಕೆಸರಾದರೆ

ರೂವಿ ಹೈಸ್ಟ್ರೀಟಿನಲ್ಲಿ, ಜ್ಯೂಸಂಗಡಿಯ ಪಕ್ಕ,
ಇಬ್ಬರು ನಿಂತರೆ ಮೂರನೆಯವನು ಬಿಸಿಲಲ್ಲಿ:
ಅಷ್ಟೇ ನಮ್ಮ ರಿಪೇರಿ ಅಂಗಡಿ.
ಎಡಗಡೆಯ ಡಬ್ಬಿಯಲ್ಲಿ ಐಫೋನಿನ ಸ್ಕ್ರೂ,
ಬಲಗಡೆಯದರಲ್ಲಿ ಉಳಿದ ಲೋಕದ್ದು.
ಬೆರೆಸಬೇಡ ಮಾರಾಯ, ಅಂತಾರೆ ಜಕ್ರಿಯಾಕ,
ಮದುವೆಮನೆಯಲ್ಲಿ ಬೀಗರ ಚಪ್ಪಲಿ ಬೆರೆತ ಹಾಗೆ,
ಆಮೇಲೆ ಜಗಳ.

ಯಾವುದು ಒಳ್ಳೇದು?
ದಿನಕ್ಕೆ ಹತ್ತು ಜನ ಕೇಳುತ್ತಾರೆ.
ಗಿರಾಕಿಯ ಉಗುರು ನೋಡಿ ಉತ್ತರ ಹೇಳುತ್ತೇನೆ.

ಒಂದು, ಹೊಸ ಸೊಸೆಯ ಟ್ರಂಕು.
ಒಳಗೆಲ್ಲ ಮಡಿಚಿಟ್ಟ ಹಾಗೆ ಒಪ್ಪ,
ಕೀಲಿಕೈ ಮಾತ್ರ ಅತ್ತೆಯ ಸೊಂಟದಲ್ಲಿ.
ಹೊರಗಿನ ಬ್ಯಾಟರಿ ಹಾಕಿದರೆ ಮುಖ ಗಂಟಿಕ್ಕಿ
ಇದು ನಮ್ಮ ಮನೆಯದಲ್ಲ ಎಂದು ಬರೆದೇ ತೋರಿಸುತ್ತದೆ.

ಇನ್ನೊಂದು, ಸಂತೆ ಬಯಲು.
ಯಾರು ಬೇಕಾದರೂ ಡೇರೆ ಹೂಡಬಹುದು.
ಬೇಡದ ಜಾಹೀರಾತು ನಡುಮನೆಗೇ ಬಂದು
ಮಣೆ ಹಾಕಿಕೊಂಡು ಕೂರುತ್ತದೆ.
ಮೂರು ವರ್ಷಕ್ಕೆ ಹೊಸ ವರ್ಷನ್ ನಿಂತು
ಹೇಳುವವರು ಕೇಳುವವರು ಇಲ್ಲ.
ಆದರೆ ಬಿಚ್ಚಿದರೆ ಬಿಚ್ಚಿಕೊಳ್ಳುತ್ತದೆ,
ನನ್ನಂಥವನ ಹೊಟ್ಟೆಗೆ ಅದೇ ಅನ್ನ.

ಕಾಫಿ ಶಾಪಿನ ಮರಿವಿಕ್ ಆರು ಕಂತು ಕಟ್ಟಿ ಕೊಂಡದ್ದರಲ್ಲಿ
ಮತ್ರಾದ ಕಡಲು ಕಡಲಿಗಿಂತ ನೀಲಿ.
ಕವರು ತೆಗೆಯಲು ನನ್ನನ್ನು ಬಿಡುವುದಿಲ್ಲ, ತಾನೇ ತೆಗೆಯುತ್ತಾಳೆ,
ಮಗುವಿನ ಟೊಪ್ಪಿ ತೆಗೆದ ಹಾಗೆ.

ಜೂನಿನಲ್ಲಿ ಕಾರಿನೊಳಗೆ ಬಿಟ್ಟರೆ ಎರಡಕ್ಕೂ ಒಂದೇ ಜ್ವರ.
ಒಂದು, ತಣ್ಣಗಾಗಲು ಬಿಡಿ ಅನ್ನುತ್ತದೆ ವಿನಯದಿಂದ.
ಇನ್ನೊಂದು ಏನೂ ಹೇಳದೆ
ಬೆನ್ನು ಉಬ್ಬಿಸಿಕೊಳ್ಳುತ್ತದೆ.

ನನ್ನ ಮೊದಲ ಐಫೋನಿನಲ್ಲಿ, ಬಹಳ ಹಿಂದೆ,
ಕನ್ನಡದ ಒತ್ತಕ್ಷರ ಕೂರುತ್ತಿರಲಿಲ್ಲ.
ಅಕ್ಕ ಎಂದರೆ ಅಕ್, ಆಮೇಲೆ ಕ,
ನಡುವೆ ಮುರಿದ ಮೆಟ್ಟಿಲು.
ಅವಳ ಮೆಸೇಜೆಲ್ಲ ನಾನು ಎಡವಿ ಎಡವಿ ಓದಿದ್ದು.
ಮಾರಿಬಿಟ್ಟೆ. ಈಗ ಸರಿ ಮಾಡಿದ್ದಾರಂತೆ.

ಮೊನ್ನೆ ಗುರುವಾರ ಸಂಜೆ ಮಾಬೆಲಾದ ಕ್ಯಾಂಪಿನಿಂದ
ಮಾಳಿಂಗರಾಯ ಬಂದ. ಇಂಡಿ ತಾಲೂಕು, ಟೈಲ್ಸ್ ಕೆಲಸ.
ಅಣ್ಣಾರ, ಫೋನ್ ಕೆಟ್ಟೈತ್ರಿ,
ನನ್ನ ಗುರ್ತಾ ಹಿಡಿಯವಲ್ದು.

ಹೆಬ್ಬೆಟ್ಟು ಇಡಿಸಿದೆ. ಇಲ್ಲ.
ತೋರುಬೆರಳು. ಇಲ್ಲ.
ಸ್ಪಿರಿಟ್ಟಿನಲ್ಲಿ ಒರೆಸಿ ಮತ್ತೆ. ಇಲ್ಲ.
ಬೋರ್ಡಿನ ಬೆಸುಗೆ ನೋಡುವ ಲೆನ್ಸಿನಡಿ
ಅವನ ಬೆರಳನ್ನೇ ಹಿಡಿದು ನೋಡಿದೆ:
ಗೆರೆಯಿಲ್ಲ.
ಹನ್ನೊಂದು ವರ್ಷದ ಸಿಮೆಂಟು ತಿಂದು ಮುಗಿಸಿದೆ,
ಯಾರದೋ ಹಜಾರದ ಮಾರ್ಬಲಿನಷ್ಟು ನುಣುಪು.
ಫೋನು ಕೆಟ್ಟಿಲ್ಲ ಮಾರಾಯ, ಅಂದೆ,
ಮುಂದೆ ಏನು ಹೇಳಬೇಕೋ ತಿಳಿಯಲಿಲ್ಲ.
ಕೈ ಕೆಸರಾದರೆ ಬಾಯಿ ಮೊಸರು ಅಂದವರು
ಬೀಗದ ಬಗ್ಗೆ ಏನೂ ಹೇಳಿ ಹೋಗಿಲ್ಲ.

ಮಾರಿ ನೋಡಿ ತೆರೀತೈತಂತಲ್ರಿ ಆ ತುಟ್ಟೀದು?

ಶೋಕೇಸಿನಿಂದ ಸೆಕೆಂಡ್ ಹ್ಯಾಂಡ್ ಒಂದು ತೆಗೆದುಕೊಟ್ಟೆ.
ಧೂಳಿಗೆಂದು ಸುತ್ತಿದ್ದ ಬಟ್ಟೆ ಬಿಚ್ಚಿದ.
ಮೂರು ವರ್ಷದ ಪರಿಚಯ,
ಅವನಿಗೆ ಮೀಸೆಯಿರುವುದು ಅವತ್ತೇ ಕಂಡದ್ದು.
ಕತ್ತು ನಿಧಾನ ತಿರುಗಿಸಿ ಅಂತು ಫೋನು.
ತಿರುಗಿಸಿದ, ಬಯಲಲ್ಲಿ ನಿಂತು ಕುರಿ ಎಣಿಸುವವನಂತೆ,
ಎಡಕ್ಕೆ, ಮೇಲಕ್ಕೆ, ಬಲಕ್ಕೆ, ಒಂದೂ ತಪ್ಪದ ಹಾಗೆ.

ತೆರೆಯಿತು.
ಮುಚ್ಚಿ ಮತ್ತೆ ಎತ್ತಿದ. ತೆರೆಯಿತು.
ಮತ್ತೊಮ್ಮೆ.
ಜ್ಯೂಸಂಗಡಿಯವನೂ ಬಂದು ನೋಡಿದ.

ರೇಟು ಕೇಳಿದ. ಹೇಳಿದೆ.
ರಿಯಾಲನ್ನು ರೂಪಾಯಿಗೆ ತುಟಿಯಲ್ಲೇ ಗುಣಿಸಿದ.
ಬೋರಲು ಹಾಕಿದ, ಮೆಲ್ಲಗೆ, ಗಾಜು ತಾಗದ ಹಾಗೆ.
ಹಳೆಯದಕ್ಕೆ ನಾಕು ನಂಬರ್ ಹಾಕಿಕೊಡ್ರಿ ಸಾಕು ಅಂದ.
ಗುಟ್ಟಾಗಿಡು ಅಂದರೂ ಕೇಳದೆ
ಇಡೀ ಅಂಗಡಿಗೆ ಕೇಳುವ ಹಾಗೆ ಹೇಳಿ ಬರೆಸಿದ.
ದುಡ್ಡು ಬೇಡ ಅಂದೆ. ಇನ್ನೂರು ಬೈಸಾ ಇಟ್ಟೇ ಹೋದ.

ಶೋಕೇಸಿನ ಫೋನಿನಿಂದ ಅವನ ಮುಖ ಅಳಿಸಬೇಕಿತ್ತು.
ಶನಿವಾರ ಅಳಿಸೋಣ ಅಂದುಕೊಂಡೆ.
ಗಿರಾಕಿಗಳು ಎತ್ತಿ ನೋಡುತ್ತಾರೆ,
ಅದು ಅವರ ಮುಖ ನೋಡಿ ಅಲ್ಲ, ಅಲ್ಲ ಎಂದು ತಲೆಯಾಡಿಸುತ್ತದೆ.
ಜಕ್ರಿಯಾಕ ಎರಡು ಸಲ ನೆನಪಿಸಿದರು.

ಇವತ್ತು ಬುಧವಾರ.