ವಿಶ್ರಾಂತಿಯ ಅಂಕಿ

ಎಡ ಮುಂಗೈಯ ಲಂಗರಿನ ಹಚ್ಚೆ
ಹಸಿರು ಬೆಳಕನ್ನು ನುಂಗಿಬಿಟ್ಟಿತು;
ಮೂರು ದಿನ ವಾಚಿನ ಲೆಕ್ಕದಲ್ಲಿ ನಾನು ಸತ್ತವನೇ.
ಬಲಗೈಗೆ ಬದಲಿಸಿದೆ. ಬದುಕಿದೆ.

ಗ್ರಿಮ್ಸ್‌ಬಿಯ ಮೀನುಕಟ್ಟೆ, ಬೆಳಗಿನ ನಾಲ್ಕು:
ಕಾಡ್ ಮೀನಿನ ಪೆಟ್ಟಿಗೆ ಎತ್ತಿದರೆ ನೂರಿಪ್ಪತ್ತು,
ಹರಾಜಿನವನ ಜತೆ ಜಗಳಕ್ಕೆ ನೂರೆಂಟು.
ಅದೆಲ್ಲ ಹೊಟ್ಟು ಅದಕ್ಕೆ.
ಮೊರದಲ್ಲಿ ಕೇರಿ, ತೂರಿ,
ಕೈ ಅಲುಗದ ಗಳಿಗೆಗಳನ್ನಷ್ಟೇ ಆರಿಸಿ
ರಕ್ತ ಬಂದಾಗ ಬೆಳಕು ಕುಗ್ಗುವುದನ್ನು,
ಹೋದಾಗ ಹಿಗ್ಗುವುದನ್ನು
ಎಣಿಸಿ ಎಣಿಸಿ
ಒಂದು ಅಂಕಿ ಕೊಡುತ್ತದೆ. ಅಂದಾಜು, ಅಷ್ಟೇ.

ಗ್ಲೆನಿಸ್ ಕನ್ನಡಕ ಏರಿಸಿ ಗೆರೆ ನೋಡುತ್ತಾಳೆ:
"ಐವತ್ತೊಂದು! ಯಾವಾಗ ಇಷ್ಟು ಕೆಳಗಿಳಿದೆ?
ನಿದ್ದೆಯಲ್ಲೂ ಐವತ್ತಾರು ನಿನಗೆ."

ಗುರುವಾರ, ಹನ್ನೊಂದೂ ಇಪ್ಪತ್ತು.
ಚರ್ಚಿನ ಮೂರನೇ ಬೆಂಚು.
ಎದುರಿಗೆ ಅವಳ ಅಮ್ಮನ ಶವಪೆಟ್ಟಿಗೆ,
ಪಕ್ಕದಲ್ಲಿ ಅವಳು, ಬಿಕ್ಕಿ ಬಿಕ್ಕಿ;
ನನ್ನ ಕೈ ನನ್ನ ತೊಡೆಯ ಮೇಲೆ,
ಹಾಯಾಗಿ.

"ಯಂತ್ರ ತಾನೆ," ಅಂದೆ,
"ಪಟ್ಟಿ ಸಡಿಲ ಇದ್ದಿರಬೇಕು."

ಹೇಳುವಾಗ ಎಪ್ಪತ್ತೊಂಬತ್ತು.
ಅಂಗಿಯ ತೋಳು ಕೆಳಗೆಳೆದುಕೊಂಡೆ;
ಹೊಲಿಗೆಯ ಸಂದಿಯಿಂದ ಹಸಿರು
ಇಣುಕುತ್ತಲೇ ಇತ್ತು.